ಮಷೀನ್ ಕ್ವಿಲ್ಟಿನಲ್ಲಿ ದಾರದ ತುದಿ ಇಣುಕುತ್ತಿದೆಯೇ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಕ್ವಿಲ್ಟ್ ಎಂದರೆ ಮೇಲ್ಬಟ್ಟೆ, ನಡುವಿನ ಮೆತ್ತನೆಯ ಬ್ಯಾಟಿಂಗ್, ಅಡಿಯ ಅಸ್ತರ್ ಮೂರನ್ನೂ ಸೇರಿಸಿ ಹೊಲಿದ ಹೊದಿಕೆ. ಅದರ ಮೇಲೆ ದಾರದ ತುದಿ ಕಾಣಿಸಿದರೆ ಹೆಚ್ಚಿನವರು ದೂರುವುದು ಕೊನೆಯಲ್ಲಿ ಹಾಕಿದ ಗಂಟನ್ನು. ಬಹುಪಾಲು ಸಲ ತಪ್ಪು ಅಲ್ಲಿರುವುದಿಲ್ಲ. ಸಾಲು ಶುರುವಾದ ಮೊದಲ ಮೂರು ನಾಲ್ಕು ಹೊಲಿಗೆಯಲ್ಲೇ ತುದಿಯ ಗತಿ ತೀರ್ಮಾನವಾಗಿರುತ್ತದೆ. ಕೆಳದಾರವನ್ನು (ಬಾಬಿನ್ನಿನ ದಾರವನ್ನು) ಮೇಲೆ ತಂದಿರೋ ಇಲ್ಲವೋ, ತುದಿಯನ್ನು ಎಷ್ಟು ಉದ್ದ ಬಿಟ್ಟಿರಿ, ಹೊಲಿಗೆ ಕೂರುವವರೆಗೆ ಅದನ್ನು ಬೆರಳಲ್ಲಿ ಹಿಡಿದಿದ್ದಿರೋ ಇಲ್ಲವೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹಾಗಾಗಿ ಯಾವ ಲಕ್ಷಣ ಕಂಡರೂ ಮೊದಲು ಕ್ವಿಲ್ಟನ್ನು ಮಗುಚಿ, ಅಸ್ತರಿನ ಕಡೆಯಿಂದ ಸಾಲು ಶುರುವಾದ ಜಾಗ ನೋಡಿ.

ಪರೀಕ್ಷೆಗೆಂದು 20 ಸೆಂ.ಮೀ. ಚೌಕದ ಒಂದು ತುಂಡನ್ನು ಪಕ್ಕದಲ್ಲಿಟ್ಟುಕೊಳ್ಳಿ. ನಿಮ್ಮ ಕ್ವಿಲ್ಟಿಗೆ ಹಾಕಿದ ಅದೇ ಮೇಲ್ಬಟ್ಟೆ, ಅದೇ ಬ್ಯಾಟಿಂಗ್, ಅದೇ ಅಸ್ತರ್ ಅದರಲ್ಲಿರಲಿ. ಬರೀ ಎರಡು ಪದರ ಕಾಟನ್ ಮೇಲೆ ಚೆನ್ನಾಗಿ ಬಂದ ಹೊಲಿಗೆ ಬ್ಯಾಟಿಂಗ್ ಸೇರಿದ ಕೂಡಲೇ ವರಸೆ ಬದಲಿಸುತ್ತದೆ.

ಅಸ್ತರಿನ ಕಡೆ, ಸಾಲಿನ ಆರಂಭದಲ್ಲಿ ದಾರ ಗೂಡು ಕಟ್ಟಿದೆ

ಗೂಡು ಕೆಳಗಿದ್ದರೂ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಾಬಿನ್ ಬಿಚ್ಚಿ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸುವುದಕ್ಕೆ ಹೋಗಬೇಡಿ, ಅದು ಕೊನೆಯ ಮಾತು.

ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಗೂಡು ಸಾಲಿನ ಆರಂಭದಲ್ಲಷ್ಟೇ ಇದೆಯೋ, ಉದ್ದಕ್ಕೂ ಇದೆಯೋ? ಆರಂಭದಲ್ಲಿ ಮಾತ್ರ ಇದ್ದರೆ ತುದಿ ಹಿಡಿಯದೆ ಹೊಲಿದಿದ್ದೀರಿ ಎಂದರ್ಥ. ಸಡಿಲವಾಗಿ ಬಿದ್ದಿದ್ದ ತುದಿಯನ್ನು ಕೆಳಗಿನ ಕೊಕ್ಕೆ ಎಳೆದುಕೊಂಡು ಸುತ್ತಿಬಿಟ್ಟಿದೆ. ಉದ್ದಕ್ಕೂ ಕುಣಿಕೆ ಕುಣಿಕೆಯಾಗಿದ್ದರೆ ಮೇಲಿನ ದಾರ, ಅದನ್ನು ಒತ್ತಿ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫೂಟ್ ಕೆಳಗಿರುವಾಗ ದಾರ ಪೋಣಿಸಿದರೆ ಹೀಗಾಗುತ್ತದೆ, ಏಕೆಂದರೆ ಫೂಟ್ ಇಳಿದಾಗ ಬಿಲ್ಲೆಗಳು ಮುಚ್ಚಿರುತ್ತವೆ. ಫೂಟ್ ಎತ್ತಿ, ದಾರ ಪೂರ್ತಿ ತೆಗೆದು, ಮತ್ತೆ ಪೋಣಿಸಿ. ಆಮೇಲೆ ಫೂಟ್ ಇಳಿಸಿ ಸೂಜಿಯ ಬಳಿ ದಾರ ಎಳೆದು ನೋಡಿ: ಬಿಗಿಯಾಗಿ ತಡೆಯಬೇಕು. ಫೂಟ್ ಎತ್ತಿದಾಗ ಸರಾಗವಾಗಿ ಬರಬೇಕು. ಎರಡೂ ಸಲ ಒಂದೇ ರೀತಿ ಬಂದರೆ ಬಿಲ್ಲೆಗಳ ನಡುವೆ ನಾರು ಅಥವಾ ದಾರದ ಚೂರು ಸಿಕ್ಕಿರಬಹುದು. ಮಡಚಿದ ತೆಳು ಕಾಟನ್ ಬಟ್ಟೆಯನ್ನು ಫೂಟ್ ಎತ್ತಿಟ್ಟು ಬಿಲ್ಲೆಗಳ ನಡುವೆ ಹಾಯಿಸಿ ತೆಗೆಯಿರಿ.

ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳನ್ನು ಇಳಿಸಿ, ಕೈಯಿಂದಲೇ ಕ್ವಿಲ್ಟನ್ನು ಸರಿಸುತ್ತ ಫ್ರೀ ಮೋಷನ್ ಹೊಲಿಯುವವರು ಇನ್ನೊಂದನ್ನು ನೋಡಿಕೊಳ್ಳಬೇಕು. ಅದಕ್ಕೆ ಹಾಕುವ ಡಾರ್ನಿಂಗ್ ಫೂಟ್ ಇಳಿಸಿದರೂ ಬಟ್ಟೆಯ ಮೇಲೆ ಒತ್ತಿ ಕೂರುವುದಿಲ್ಲ, ಇಳಿಸಿದ್ದೇವೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಫೂಟಿನ ಲಿವರ್ ಇಳಿಸುವುದನ್ನು ಮರೆತು ಹೊಲಿದರೆ ಟೆನ್ಷನ್ನೇ ಇರುವುದಿಲ್ಲ, ಅಸ್ತರಿನ ಕಡೆ ದೊಡ್ಡ ಗೂಡು ಖಂಡಿತ.

ಸರಿಯಾದ ಆರಂಭ ಹೀಗೆ. ಫೂಟ್ ಇಳಿಸಿ, ಮೇಲಿನ ದಾರದ ತುದಿಯನ್ನು ಎಡಗೈಯಲ್ಲಿ ಹಿಡಿದು, ಕೈಚಕ್ರವನ್ನು ನಿಮ್ಮ ಕಡೆಗೆ ಒಂದು ಸುತ್ತು ಪೂರ್ತಿ ತಿರುಗಿಸಿ. ಸೂಜಿ ಇಳಿದು ಮೇಲೆ ಬಂದು, ಟೇಕಪ್ ಲಿವರ್ (ಮೇಲಿನ ದಾರವನ್ನು ಎಳೆಯುತ್ತ ಮೇಲೆ ಕೆಳಗೆ ಆಡುವ ಕೊಂಡಿ) ತುತ್ತತುದಿಗೆ ಬಂದಾಗ ನಿಲ್ಲಿಸಿ. ಹಿಡಿದ ತುದಿಯನ್ನು ಮೆಲ್ಲಗೆ ಎಳೆದರೆ ಕೆಳದಾರದ ಕುಣಿಕೆ ಬಟ್ಟೆಯ ಮೇಲೆ ಏಳುತ್ತದೆ. ಅದನ್ನು ಪಿನ್ನಿನಿಂದ ಎತ್ತಿ ತುದಿ ಹೊರತೆಗೆಯಿರಿ. ಎರಡೂ ತುದಿ 10–12 ಸೆಂ.ಮೀ. ಇರಲಿ. ಸೂಜಿಯನ್ನು ಮತ್ತೆ ಅದೇ ತೂತಿಗೆ ಇಳಿಸಿ, ಎರಡನ್ನೂ ಫೂಟಿನ ಹಿಂದೆ ಹಿಡಿದುಕೊಂಡು ಮೂರು ನಾಲ್ಕು ಹೊಲಿಗೆ ಹಾಕಿ ಬಿಡಿ. ಎಳೆದು ಹಿಡಿಯಬಾರದು, ಸೂಜಿ ಬಾಗಿ ಅದರಡಿಯ ಲೋಹದ ಪ್ಲೇಟಿಗೆ ಹೊಡೆಯುತ್ತದೆ.

ಇಷ್ಟಾದ ಮೇಲೂ ಗೂಡು ಕಟ್ಟಿದರೆ ಹೊಸ ಸೂಜಿ ಹಾಕಿ. ಸಾಮಾನ್ಯ ಕಾಟನ್ ದಾರಕ್ಕೆ 11 ಅಥವಾ 14ನೇ ನಂಬರ್, ದಪ್ಪ ದಾರಕ್ಕೆ 16. ನಂತರ ಪ್ಲೇಟ್ ಬಿಚ್ಚಿ ಹಲ್ಲುಗಳ ನಡುವೆ ಸೇರಿದ ನಾರನ್ನು ಬ್ರಷ್ಷಿನಿಂದ ತೆಗೆಯಿರಿ. ಬಾಯಿಂದ ಊದಿದರೆ ನಾರು ಇನ್ನಷ್ಟು ಒಳಗೆ ಹೋಗುತ್ತದೆ. ಅಷ್ಟರಲ್ಲಿ ಸರಿಹೋಗದಿದ್ದರೆ ಮಾತ್ರ ಟೆನ್ಷನ್ ಡಯಲಿಗೆ ಕೈ ಹಾಕಿ, ಒಂದು ಸಲಕ್ಕೆ ಅರ್ಧ ನಂಬರಿಗಿಂತ ಹೆಚ್ಚು ತಿರುಗಿಸಬೇಡಿ.

ಪೆಡಲ್ ಒತ್ತಿದ ಕೂಡಲೇ ಸೂಜಿಯಿಂದ ದಾರ ಕಳಚಿಕೊಳ್ಳುತ್ತದೆ

ಹಿಂದಿನ ಸಾಲನ್ನು ಟೇಕಪ್ ಲಿವರ್ ಕೆಳಗಿರುವಾಗಲೇ ಮುಗಿಸಿದ್ದೀರಿ. ಮುಂದಿನ ಹೊಲಿಗೆಗೆ ಲಿವರ್ ಮೇಲೆ ಹೋಗುವಾಗ ಗಿಡ್ಡ ತುದಿಯನ್ನು ಸೂಜಿಕಣ್ಣಿಂದ ಎಳೆದುಬಿಡುತ್ತದೆ. ಸಾಲು ಮುಗಿದಾಗಲೆಲ್ಲ ಲಿವರನ್ನು ಮೇಲಕ್ಕೆ ತಂದು ನಿಲ್ಲಿಸಿ. ದಾರ ಕತ್ತರಿಸುವ ಬಟನ್ ಇರುವ ಮಷೀನಿನಲ್ಲಿ ಆ ಬಟನ್ ಉಳಿಸುವ ತುದಿ, ಕೈಸೂಜಿಯಿಂದ ಪದರಗಳ ನಡುವೆ ಒಳಸೇರಿಸಲು ಸಾಲದಷ್ಟು ಗಿಡ್ಡ. ಒಳಗೆ ಹುದುಗಿಸಬೇಕಾದ ಸಾಲಿನ ಕೊನೆಯಲ್ಲಿ ಅದನ್ನು ಒತ್ತಬೇಡಿ.

ಒಳಸೇರಿಸಿದ ತುದಿ ಮತ್ತೆ ಹೊರಗೆ ಇಣುಕುತ್ತದೆ

ಹೆಚ್ಚು ಜನ ಕೇಳುವುದು ಇದನ್ನೇ. ಇಣುಕುವ ಜಾಗ ಗಮನಿಸಿದರೆ ಕಾರಣ ತಿಳಿಯುತ್ತದೆ.

ಸಾಲಿನ ಕೊನೆಯ ಹೊಲಿಗೆಯ ಬುಡದಲ್ಲೇ ಇಣುಕಿದರೆ, ತುದಿ ಒಳಗೆ ಹೋಗಿಯೇ ಇಲ್ಲ, ಬಟ್ಟೆಗೆ ಸಮವಾಗಿ ಕತ್ತರಿಸಿದ್ದಷ್ಟೇ. ಸಾಲಿನಿಂದ ಒಂದಿಂಚು ಆಚೆ ಬಟ್ಟೆಯ ಮಧ್ಯೆ ಒಂಟಿ ಚುಕ್ಕೆಯಂತೆ ಕಂಡರೆ, ಒಳಸೇರಿಸಿದ್ದು ಸರಿ, ಕತ್ತರಿಸುವಾಗ ತುದಿಯನ್ನು ಎಳೆದು ಹಿಡಿದಿಲ್ಲ. ಒಗೆದ ಮೇಲಷ್ಟೇ ಕಂಡರೆ, ಕಾಟನ್ ಬಟ್ಟೆ ಮತ್ತು ಬ್ಯಾಟಿಂಗ್ ಕುಗ್ಗಿವೆ, ಪಾಲಿಯೆಸ್ಟರ್ ದಾರ ಕುಗ್ಗಿಲ್ಲ. ಒಳಗೆ ಓಡಿಸಿದ ಉದ್ದ ಕಡಿಮೆಯಿದ್ದರೆ ದಾರ ಹೊರಗೆ ಚಾಚುತ್ತದೆ.

ಹುದುಗಿಸುವ ಕೆಲಸ ಹೆಜ್ಜೆ ಹೆಜ್ಜೆಯಾಗಿ ಹೀಗಿದೆ.

ಎರಡೂ ತುದಿ ಒಂದೇ ಬದಿಗೆ ಬಂದಿರಬೇಕು, ಮೇಲ್ಬದಿಯಾದರೂ ಸರಿ ಅಸ್ತರಿನ ಬದಿಯಾದರೂ ಸರಿ. ಅಸ್ತರಿನ ಕಡೆಗೆ ತರುವುದು ಒಳ್ಳೆಯದು, ಸಣ್ಣ ತಪ್ಪಿದ್ದರೂ ಅಲ್ಲಿ ಮರೆಯಾಗುತ್ತದೆ. ಒಂದು ತುದಿ ಮೆಲ್ಲಗೆ ಎಳೆದರೆ ಆಚೆ ಬದಿಯ ದಾರದ ಕುಣಿಕೆ ಏಳುತ್ತದೆ, ಅದನ್ನು ಎತ್ತಿಕೊಳ್ಳಿ. ಎರಡನ್ನೂ ಬಲದ ಮೇಲೆ ಎಡ, ಎಡದ ಮೇಲೆ ಬಲ ಹಾಕಿ ಚೌಕ ಗಂಟು ಹಾಕಿ. ಬಟ್ಟೆಗೆ ತಾಗಿ ಕೂರುವಷ್ಟು ಬಿಗಿಯಿರಲಿ, ಹೊಲಿಗೆ ಸುಕ್ಕುಗಟ್ಟುವಷ್ಟು ಬೇಡ. ನಂತರ ಎರಡೂ ಎಳೆ ಸೇರಿಸಿ ಇನ್ನೊಂದು ಸಾದಾ ಗಂಟನ್ನು ಬಟ್ಟೆಯಿಂದ 5 ಮಿ.ಮೀ. ದೂರದಲ್ಲಿ ಹಾಕಿ. ಒಳಗೆ ಸಿಕ್ಕಿ ಕೂರಬೇಕಾದದ್ದು ಈ ಎರಡನೆಯ ಗಂಟು.

ಎರಡೂ ಎಳೆಯನ್ನು ಒಟ್ಟಿಗೆ ಸೂಜಿಗೆ ಪೋಣಿಸಿ. ಅಗಲ ಕಣ್ಣಿನ ಎಂಬ್ರಾಯ್ಡರಿ ಸೂಜಿ ಸಾಕು. ತಲೆಯ ಮೇಲೆ ಸೀಳಿರುವ ಸೂಜಿಯಾದರೆ ಪೋಣಿಸುವ ಕಷ್ಟವೇ ಇಲ್ಲ, ದಾರವನ್ನು ಮೇಲಿಂದ ಒತ್ತಿದರೆ ಕಣ್ಣಿಗೆ ಜಾರುತ್ತದೆ. ಹತ್ತಿಪ್ಪತ್ತು ತುದಿಗಳಿಗಿಂತ ಹೆಚ್ಚಿದ್ದರೆ ಈ ಸೂಜಿಗೆ ಹಾಕಿದ ಹಣ ದಂಡವಲ್ಲ. ಸೀಳಿನ ಅಂಚು ಕೆಲವೊಮ್ಮೆ ದಾರ ಕೊಯ್ಯುತ್ತದೆ, ಹಾಗೆ ಮಾಡುವ ಸೂಜಿಯನ್ನು ಎಸೆದುಬಿಡಿ.

ದಾರ ಹೊರಬಂದ ತೂತಿಗೇ ಸೂಜಿಮೊನೆ ಇಡಿ. ಅರ್ಧ ಮಿ.ಮೀ. ಪಕ್ಕಕ್ಕೆ ಇಟ್ಟರೂ ಅಲ್ಲೊಂದು ಅಡ್ಡ ಹೊಲಿಗೆ ಕೂತು ಕಾಣುತ್ತದೆ. ಸೂಜಿಯನ್ನು ಮಲಗಿಸಿ ಬ್ಯಾಟಿಂಗ್ ಒಳಗೆ ಮಾತ್ರ ಓಡಿಸಿ, ಆಚೆ ಬದಿಯನ್ನು ಬೆರಳಿಂದ ಸವರುತ್ತಿರಿ, ಮೊನೆ ಚುಚ್ಚಿದರೆ ತಿಳಿಯಲಿ. ಒಂದರಿಂದ ಒಂದೂವರೆ ಇಂಚು ಹೋದ ಮೇಲೆ ಹೊರತೆಗೆಯಿರಿ. ದಾರವನ್ನು ಎಳೆಯುತ್ತ ಬಂದಾಗ ಗಂಟು ತೂತಿನ ಬಾಯಿಗೆ ಬಂದು ನಿಲ್ಲುತ್ತದೆ. ಆಗ ಚಿಕ್ಕದೊಂದು ಜಗ್ಗು ಕೊಡಿ. ಗಂಟು ಬಟ್ಟೆ ದಾಟಿ ಒಳಗೆ ಬಿದ್ದದ್ದು ಕೈಗೆ ಗೊತ್ತಾಗುತ್ತದೆ, ಕಿವಿಗೊಟ್ಟರೆ ಸಣ್ಣ ಸದ್ದೂ ಕೇಳುತ್ತದೆ. ಕೊನೆಗೆ ದಾರವನ್ನು ಸ್ವಲ್ಪ ಎಳೆದು ಹಿಡಿದು ಬಟ್ಟೆಗೆ ತಾಗಿಸಿ ಕತ್ತರಿಸಿ. ಬಿಟ್ಟ ಕೂಡಲೇ ತುದಿ ಒಳಕ್ಕೆ ಸರಿಯುತ್ತದೆ. ಸರಿಯದೆ ಉಳಿದ ಕೂದಲೆಳೆಯಷ್ಟನ್ನು ಉಗುರಿನಿಂದ ಬಟ್ಟೆಯನ್ನು ಕೆರೆದರೆ ಮರೆಯಾಗುತ್ತದೆ.

ಈಗಾಗಲೇ ಇಣುಕುತ್ತಿರುವ ತುದಿಗೆ ಮತ್ತೆ ಗಂಟು ಬೇಡ. ಮೊಂಡುಮೊನೆಯ ಸೂಜಿಯಿಂದ ಒಳಕ್ಕೆ ತಳ್ಳಿ ನೋಡಿ. ಹಿಡಿದು ಕತ್ತರಿಸುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಒಳಗಿನ ಗಂಟು ಬಿಟ್ಟಿದ್ದರೆ ಪ್ರತಿ ಸಲ ಕತ್ತರಿಸಿದಾಗಲೂ ಹೊಲಿಗೆಯನ್ನೇ ಗಿಡ್ಡ ಮಾಡುತ್ತ ಹೋಗುತ್ತೀರಿ.

ಗಂಟು ಒಳಗೆ ಇಳಿಯುತ್ತಿಲ್ಲ, ಅಥವಾ ಆಚೆ ಬದಿಗೆ ತೂರಿ ಬಂದಿದೆ

ಇಳಿಯದಿದ್ದರೆ ಎರಡು ಕಾರಣ. ಪಾಪ್ಲಿನ್, ಬಾಟಿಕ್‌ನಂಥ ಒತ್ತು ನೇಯ್ಗೆಯ ಬಟ್ಟೆ ದಾರಿ ಬಿಡುವುದಿಲ್ಲ, ಇಲ್ಲವೇ ಗಂಟು ದಪ್ಪವಾಗಿದೆ. ಬಲವಾಗಿ ಜಗ್ಗಿದರೆ ದಾರ ತುಂಡಾಗುತ್ತದೆ. ಸೂಜಿಮೊನೆಯನ್ನು ತೂತಿನಲ್ಲಿಟ್ಟು ಮೆಲ್ಲಗೆ ಸುತ್ತಿಸಿ ಎಳೆಗಳನ್ನು ಅಗಲಿಸಿ, ಗಂಟನ್ನು ಒಳಗೆ ತಳ್ಳಿ, ಆಮೇಲೆ ಉಗುರಿನಿಂದ ಅಡ್ಡಕ್ಕೂ ಉದ್ದಕ್ಕೂ ಕೆರೆದು ತೂತು ಮುಚ್ಚಿ. ಗಂಟು ಆಚೆ ಬದಿಗೆ ತೂರಿದರೆ ಸೂಜಿಯನ್ನು ಮಲಗಿಸದೆ ನೆಟ್ಟಗೆ ಇಳಿಸಿದ್ದೀರಿ. ಒಳಸೇರಿಸಿದ ದಾರವನ್ನು ಹಿಂದಕ್ಕೆ ಎಳೆದು ಮತ್ತೆ ಓಡಿಸಿ.

ತುದಿ ಗಿಡ್ಡವಾಗಿದೆ, ಸೂಜಿಗೆ ಪೋಣಿಸಲಾಗುತ್ತಿಲ್ಲ

ಎರಡು ಸೆಂ.ಮೀ. ಇದ್ದರೂ ಸಾಕು. ಮೊದಲು ಖಾಲಿ ಸೂಜಿಯನ್ನು ಬಟ್ಟೆಯೊಳಗೆ ಓಡಿಸಿ, ಕಣ್ಣು ಮಾತ್ರ ಹೊರಗಿರುವಾಗ ನಿಲ್ಲಿಸಿ, ಆಗ ಗಿಡ್ಡ ತುದಿಯನ್ನು ಕಣ್ಣಿಗೆ ಹಾಕಿ ಸೂಜಿ ಎಳೆದುಬಿಡಿ. ಒಂದೇ ಸೆಂ.ಮೀ. ಇದ್ದರೆ ಬೇರೊಂದು ದಾರವನ್ನು ಮಡಚಿ, ಅದರ ಎರಡೂ ತುದಿಯನ್ನು ಸೂಜಿಗೆ ಹಾಕಿ. ಮಡಿಕೆಯ ಕುಣಿಕೆ ಹಿಂದೆ ಉಳಿಯುತ್ತದೆ. ಸೂಜಿ ಓಡಿಸಿ, ಕುಣಿಕೆಯೊಳಗೆ ಗಿಡ್ಡ ತುದಿ ಸಿಕ್ಕಿಸಿ ಎಳೆಯಿರಿ. ಈ ಎರಡರಲ್ಲೂ ಗಂಟಿನ ಆಸರೆ ಇಲ್ಲ, ಆದ್ದರಿಂದ ಇದು ನಿಲ್ಲಬೇಕಾದರೆ ಸಾಲಿನ ಕೊನೆಯಲ್ಲಿ ಸಣ್ಣ ಹೊಲಿಗೆಗಳು ಇರಲೇಬೇಕು. ಇಲ್ಲದಿದ್ದರೆ ಕೆಲವು ಹೊಲಿಗೆ ಬಿಚ್ಚಿ ತುದಿಯನ್ನು ಉದ್ದ ಮಾಡಿಕೊಳ್ಳುವುದೇ ಸರಿ.

ಒಗೆದ ಮೇಲೆ ಸಾಲಿನ ತುದಿ ಬಿಚ್ಚುತ್ತಿದೆ

ಗಂಟೂ ಇಲ್ಲ, ಸಣ್ಣ ಹೊಲಿಗೆಯೂ ಇಲ್ಲ, ಅಥವಾ ದಾರ ಜಾರುವ ಜಾತಿಯದು. ಸಣ್ಣ ಹೊಲಿಗೆಯಿಂದ ಭದ್ರ ಮಾಡುವುದಾದರೆ ಕಾಲಿಂಚಿನೊಳಗೆ ಎಂಟು ಹತ್ತು ಹೊಲಿಗೆ ಬರಬೇಕು, ಹೊಲಿಗೆಯ ಉದ್ದದ ಡಯಲಿನಲ್ಲಿ 0.5ರಿಂದ 0.8. ಆಮೇಲೆ ಮಾಮೂಲಿ 2.5ಕ್ಕೆ ಏರಿಸಿ. ಹಲ್ಲು ಇಳಿಸಿ ಹೊಲಿಯುವವರು ಕೈಯನ್ನು ನಿಧಾನ ಸರಿಸಿ ಇದನ್ನೇ ಮಾಡಬೇಕು. ಹಿಂದಕ್ಕೆ ಹೊಲಿಯುವ ಸೌಲಭ್ಯವಿಲ್ಲದ ಹಳೆಯ ಕಪ್ಪು ತುಳಿಮಷೀನಿಗೂ ಇದೇ ವಿಧಾನ ಒಪ್ಪುತ್ತದೆ, ಅದರ ಸಾಲು ಹಿಂದೆ ಮುಂದೆ ಹೊಲಿದದ್ದಕ್ಕಿಂತ ಅಂದವಾಗಿಯೂ ಇರುತ್ತದೆ.

ಪಾರದರ್ಶಕ ನೈಲಾನ್ ದಾರ ಗಂಟನ್ನು ಒಪ್ಪುವುದಿಲ್ಲ, ಸ್ಪ್ರಿಂಗಿನಂತೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಹನ್ನೆರಡು ಸಣ್ಣ ಹೊಲಿಗೆ, ಮೂರು ಸುತ್ತಿನ ಗಂಟು, ಎರಡು ಇಂಚು ಒಳ ಓಟ ಬೇಕು. ಬಿಸಿ ಇಸ್ತ್ರಿ ತಾಗಿಸಬೇಡಿ, ಕರಗುತ್ತದೆ.

ಗಂಟಿನ ಮೇಲೆ ಅಂಟು ಹಚ್ಚುವ ಸಲಹೆಯನ್ನು ನಾವು ಕೊಡುವುದಿಲ್ಲ. ಒಣಗಿದ ಮೇಲೆ ಚುಚ್ಚುವಷ್ಟು ಗಡುಸಾಗುತ್ತದೆ, ತಿಳಿಬಣ್ಣದ ಬಟ್ಟೆಯಲ್ಲಿ ಕಲೆ ಉಳಿಯುತ್ತದೆ.

ಸಾಲಿನ ಆರಂಭದಲ್ಲಿ ಗಡುಸು ಉಂಡೆ, ಅಥವಾ ಮೇಲೆ ಕೆಳದಾರದ ಚುಕ್ಕೆ

ಉಂಡೆ ಕೈಗೆ ಸಿಕ್ಕರೆ ಒಂದೇ ಜಾಗದಲ್ಲಿ ಹಿಂದೆ ಮುಂದೆ ಹೊಲಿದಿದ್ದೀರಿ. ಬಿಚ್ಚಿ ಸಣ್ಣ ಹೊಲಿಗೆಗೆ ಬದಲಿಸಿ. ಚುಕ್ಕೆ ಕಂಡರೆ ಮೇಲಿನ ಟೆನ್ಷನ್ ಹೆಚ್ಚಿದೆ, ಅರ್ಧ ನಂಬರ್ ಇಳಿಸಿ. ಮೇಲೂ ಕೆಳಗೂ ಒಂದೇ ಬಣ್ಣದ ದಾರ ಹಾಕಿದರೆ ಅರ್ಧ ತೊಂದರೆ ಕಣ್ಣಿಗೇ ಬೀಳುವುದಿಲ್ಲ.

ಬಿಳಿ ಬಟ್ಟೆಯಡಿ ಕಪ್ಪು ಗೆರೆ ಕಾಣುತ್ತಿದೆ

ಹುದುಗಿಸಿದ್ದು ಸರಿ, ದಿಕ್ಕು ತಪ್ಪು. ಗಾಢ ಬಣ್ಣದ ದಾರವನ್ನು ತಿಳಿಬಟ್ಟೆಯ ಬಯಲಿಗೆ ಓಡಿಸದೆ ಹೊಲಿದ ಸಾಲಿನ ಅಡಿಯಲ್ಲೇ ಹಿಂದಕ್ಕೆ ಓಡಿಸಿ, ಅಥವಾ ತುಂಡುಗಳ ಜೋಡುಹೊಲಿಗೆಯ ಮಡಿಕೆಯತ್ತ, ಇಲ್ಲವೇ ಪಕ್ಕದ ಗಾಢ ತುಂಡಿನ ಅಡಿಗೆ ತಿರುಗಿಸಿ. ಈಗಾಗಲೇ ಒಳಗಿರುವುದನ್ನು ತೆಗೆಯಲು ಕತ್ತರಿಸಿದ ತುದಿಯನ್ನು ಹುಡುಕಬೇಡಿ. ಗಂಟಿನ ಕಡೆಯಿಂದ ಸೂಜಿಮೊನೆಯಲ್ಲಿ ಎತ್ತಿದರೆ ಪೂರ್ತಿ ದಾರ ಹಿಂದಕ್ಕೆ ಬರುತ್ತದೆ.

ದಾರದ ಜತೆ ಬ್ಯಾಟಿಂಗಿನ ನಾರು ಹೊರಬಂದಿದೆ

ಪಾಲಿಯೆಸ್ಟರ್ ಬ್ಯಾಟಿಂಗಿನಲ್ಲಿ ಹೆಚ್ಚು. ನಾರನ್ನು ಕಿತ್ತರೆ ಹಿಂದಿನದೂ ಜತೆಗೇ ಬರುತ್ತದೆ. ಕತ್ತರಿಸಿ, ಉಳಿದದ್ದನ್ನು ಸೂಜಿಯಿಂದ ಒಳಕ್ಕೆ ಒತ್ತಿ. ಮುಂದಿನ ತುದಿಗಳಿಗೆ ತೆಳ್ಳನೆಯ ಸೂಜಿ ತೆಗೆದುಕೊಳ್ಳಿ, ಕೈಸೂಜಿಯಲ್ಲಿ ನಂಬರ್ ಹೆಚ್ಚಿದಷ್ಟೂ ಸೂಜಿ ತೆಳು.

ಸಾಲಿನ ನಟ್ಟನಡುವೆ ದಾರ ತುಂಡಾಗಿದೆ

ತುಂಡಾದಲ್ಲಿಂದಲೇ ಮುಂದುವರಿಸಿದರೆ ಎರಡು ಗಿಡ್ಡ ತುದಿ ಶಾಶ್ವತವಾಗಿ ಉಳಿಯುತ್ತವೆ. ಸೀಮ್ ರಿಪ್ಪರಿನಿಂದ ಕುಯ್ಯದೆ, ಸೂಜಿಮೊನೆಯಲ್ಲಿ ಒಂದೊಂದೇ ಹೊಲಿಗೆ ಎತ್ತಿ, ಮೂರು ಇಂಚು ದಾರ ಕೈಗೆ ಬರುವಷ್ಟು ಹಿಂದಕ್ಕೆ ಬಿಚ್ಚಿ. ಹೊಸ ಸಾಲಿನ ಸೂಜಿಯನ್ನು ಬಿಚ್ಚಿದ ಕೊನೆಯ ಹೊಲಿಗೆಯ ತೂತಿಗೇ ಇಳಿಸಿ, ಒಂದರ ಮೇಲೊಂದು ಹೊಲಿಯಬೇಡಿ. ಹಳೆಯ ಎರಡು ತುದಿ, ಹೊಸ ಎರಡು ತುದಿಗಳನ್ನು ಬೇರೆ ಬೇರೆಯಾಗಿ ಗಂಟು ಹಾಕಿ ಎದುರುಬದುರು ದಿಕ್ಕಿಗೆ ಹುದುಗಿಸಿ. ನಾಲ್ಕನ್ನೂ ಒಂದೇ ತೂತಿಗೆ ತುರುಕಿದರೆ ಅಲ್ಲಿ ಬುಗುಟು ಏಳುತ್ತದೆ.

ದಾರ ಪದೇ ಪದೇ ಒಂದೇ ರೀತಿ ಹರಿದು ತುಂಡಾಗುತ್ತಿದ್ದರೆ ಸೂಜಿ ಬದಲಿಸಿ, ಆಮೇಲೆ ಪ್ಲೇಟಿನ ತೂತಿನ ಅಂಚನ್ನು ಉಗುರಿನಿಂದ ಸವರಿ. ಉಗುರಿಗೆ ಗೀರು ತಾಗಿದರೆ ದಾರವನ್ನು ಕೊಯ್ಯುತ್ತಿರುವುದು ಅದೇ.

ಕೌದಿಯಲ್ಲಿ ಗಂಟು ನಿಲ್ಲುತ್ತಿಲ್ಲ

ಉತ್ತರ ಕರ್ನಾಟಕದ ಕೌದಿಗೆ ಈಗ ಮಷೀನ್ ಹೊಲಿಗೆ ಹಾಕುವವರಿದ್ದಾರೆ. ಒಳಗೆ ಬ್ಯಾಟಿಂಗ್ ಇರುವುದಿಲ್ಲ, ಹಳೆಯ ಸೀರೆ ಪಂಚೆಗಳ ಪದರಗಳಿರುತ್ತವೆ. ಗಂಟಿಗೆ ಸಿಕ್ಕಿಕೊಳ್ಳಲು ನಾರಿಲ್ಲ, ನುಣುಪು ಬಟ್ಟೆಗಳ ನಡುವೆ ಜಾರುತ್ತದೆ. ಆದ್ದರಿಂದ ಮೇಲಿನ ಪದರದಡಿ ಮಾತ್ರ ಓಡಿಸದೆ, ಒಳಪದರದ ಒಂದೆರಡು ಎಳೆಯನ್ನು ಮೂರು ನಾಲ್ಕು ಕಡೆ ಎತ್ತಿಕೊಳ್ಳುತ್ತ ಎರಡು ಇಂಚು ಹೋಗಿ, ಕೊನೆಯಲ್ಲಿ ದಿಕ್ಕು ಬದಲಿಸಿ ಅರ್ಧ ಇಂಚು ಹಿಂದಕ್ಕೆ ಬನ್ನಿ. ಸವೆದ ಸೀರೆಯಾದರೆ ಜಗ್ಗುವುದು ಬೇಡ, ಬಟ್ಟೆಯೇ ಹರಿಯುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಮಹಿಳೆಯರ ಕೈಹೊಲಿಗೆಯ ಕೌದಿ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಸಾಗುತ್ತದೆ. ಮಷೀನಿಗೂ ಇದರಿಂದ ಕಲಿಯುವುದಿದೆ. ಸಾಲು ಮುರಿಯದೆ ಸಾಗಿದಷ್ಟೂ ಹುದುಗಿಸಬೇಕಾದ ತುದಿ ಕಡಿಮೆ. ಅಂಚಿನಿಂದ ಅಂಚಿಗೆ ಹೋಗುವ ವಿನ್ಯಾಸ ಆರಿಸಿಕೊಂಡರೆ ತುದಿಗಳೆಲ್ಲ ಅಂಚಿಗೆ ಹೊಲಿಯುವ ಸುತ್ತುಪಟ್ಟಿಯಡಿ ಸೇರುತ್ತವೆ, ಹುದುಗಿಸುವ ಕೆಲಸವೇ ಉಳಿಯುವುದಿಲ್ಲ.

ಕತ್ತರಿ ಬಟ್ಟೆಗೆ ತಾಗಿ ತೂತಾಗಿದೆ

ನಿಲ್ಲಿಸಿ, ಎಳೆಯಬೇಡಿ. ಎರಡು ಮೂರು ಎಳೆ ಮಾತ್ರ ಕತ್ತರಿಸಿದ್ದರೆ ಅದೇ ಬಣ್ಣದ ದಾರದಿಂದ ಕೈಯಲ್ಲಿ ಹೆಣೆದು ಮುಚ್ಚಬಹುದು. ಅದಕ್ಕಿಂತ ದೊಡ್ಡದಾದರೆ ಮೇಲೊಂದು ತುಂಡು ಹಚ್ಚುವುದೊಂದೇ ದಾರಿ. ಮೊನೆ ಮೇಲಕ್ಕೆ ಬಾಗಿದ ಸಣ್ಣ ಕತ್ತರಿ ಬಳಸಿದರೆ ಈ ಅಪಘಾತ ಅಪರೂಪ.

ಇಲ್ಲಿ ಕೈ ಬಿಡಿ, ಮೆಕ್ಯಾನಿಕ್ ಕರೆಯಿರಿ

ತುದಿ ಕೊಕ್ಕೆಯೊಳಗೆ ಸಿಕ್ಕಿ ಕೈಚಕ್ರ ತಿರುಗದಿದ್ದರೆ ಬಲ ಹಾಕಬೇಡಿ. ಪ್ಲಗ್ ತೆಗೆಯಿರಿ, ತುಳಿಮಷೀನಾದರೆ ಬೆಲ್ಟ್ ಕಳಚಿ. ಬಟ್ಟೆಯ ಅಡಿಯಿಂದ ದಾರ ಕತ್ತರಿಸಿ ಬಿಡಿಸಿ, ಪ್ಲೇಟ್ ಮತ್ತು ಬಾಬಿನ್ ಕೇಸ್ ಬಿಚ್ಚಿ, ಕಣ್ಣಿಗೆ ಕಾಣುವ ಎಳೆಗಳನ್ನು ಚಿಮುಟದಿಂದ ತೆಗೆಯಿರಿ. ಆಮೇಲೂ ಬಿಗಿಯಿದ್ದರೆ, ಅಥವಾ ಸೂಜಿ ಪ್ಲೇಟಿಗೆ ಹೊಡೆದ ಮೇಲೆ ಹೊಸ ಸೂಜಿ ಹಾಕಿದರೂ ಹೊಲಿಗೆ ತಪ್ಪುತ್ತಿದ್ದರೆ, ಕೊಕ್ಕೆಯ ಟೈಮಿಂಗ್ (ಸೂಜಿಯೂ ಕೊಕ್ಕೆಯೂ ಸಂಧಿಸುವ ಹೊಂದಾಣಿಕೆ) ಸರಿದಿರಬಹುದು. ಅದು ಮನೆಯಲ್ಲಿ ಸರಿಪಡಿಸುವ ಕೆಲಸವಲ್ಲ. ಕೊಕ್ಕೆಯ ಮೇಲಿನ ಗೀರನ್ನು ಉಜ್ಜಿ ನುಣುಪು ಮಾಡುವುದೂ ಅವರಿಗೇ ಬಿಟ್ಟದ್ದು.

ಎಚ್ಚರ

ಸೂಜಿ ಬದಲಿಸುವಾಗ, ಪ್ಲೇಟ್ ಬಿಚ್ಚುವಾಗ ವಿದ್ಯುತ್ ಆಫ್ ಆಗಿರಲಿ, ಕಾಲು ಪೆಡಲಿನ ಮೇಲಿರದಿರಲಿ. ಸೂಜಿ ಮುರಿದರೆ ಚೂರುಗಳನ್ನೆಲ್ಲ ಜೋಡಿಸಿ ಪೂರ್ತಿ ಸೂಜಿ ಆಯಿತೇ ನೋಡಿ. ಕೊರತೆ ಕಂಡರೆ ಕ್ವಿಲ್ಟಿನ ಎರಡೂ ಬದಿಗೆ ಅಯಸ್ಕಾಂತ ಆಡಿಸಿ, ಸಿಗುವವರೆಗೆ ಯಾರೂ ಅದನ್ನು ಹೊದೆಯುವುದು ಬೇಡ. ತುದಿ ಹುದುಗಿಸುವ ಕೈಸೂಜಿಗಳನ್ನು ಕೂರುವಾಗ ಎಣಿಸಿ, ಏಳುವಾಗಲೂ ಎಣಿಸಿ. ಬ್ಯಾಟಿಂಗಿನಲ್ಲಿ ಸಿಕ್ಕ ಸೂಜಿ ಹೊರಗಿನಿಂದ ಕಾಣುವುದಿಲ್ಲ.

ಮಗುವಿನ ಕ್ವಿಲ್ಟಿಗೆ ಪಾರದರ್ಶಕ ನೈಲಾನ್ ದಾರ ಹಾಕಲೇಬೇಡಿ. ಹೊರಬಂದ ಎಳೆ ಬೆರಳಿಗೆ ಸುತ್ತಿ ಬಿಗಿದರೆ ರಕ್ತ ಸಂಚಾರ ನಿಲ್ಲುತ್ತದೆ, ಅದು ಬೇಗ ಕಣ್ಣಿಗೂ ಬೀಳುವುದಿಲ್ಲ. ಮಗು ಕಾರಣವಿಲ್ಲದೆ ಅಳುತ್ತಿದ್ದು ಕೈಕಾಲಿನ ಬೆರಳು ಊದಿ ಕೆಂಪಾಗಿದ್ದರೆ, ಕಾಯದೆ ಡಾಕ್ಟರ ಬಳಿ ಕರೆದೊಯ್ಯಿರಿ. ಕಾಟನ್ ದಾರದಲ್ಲಿ ಹೊಲಿದದ್ದಾದರೂ ಮಗುವಿಗೆ ಹೊದೆಸುವ ಮುನ್ನ ಒಮ್ಮೆ ಒಗೆದು ಒಣಗಿಸಿ, ಎರಡೂ ಬದಿಯನ್ನು ಬೆಳಕಿಗೆ ಹಿಡಿದು ಅಂಗೈಯಿಂದ ಸವರಿ, ಸಿಕ್ಕ ಎಳೆಗಳನ್ನು ಒಳಗೆ ಓಡಿಸಿಬಿಡಿ.